ಸೆಲ್ಡನ್ ವಕೀಲನ ಊಟದ ಮಾತುಗಳು

ವಕೀಲರು ನ್ಯಾಯಾಸ್ಥಾನದಲ್ಲಿ ಆಡುವ ಮಾತಿಗೂ, ಊಟವಾದ ಮೇಲೆ ಎಲೆ ಅಡಕೆ ಹಾಕಿಕೊಂಡು ಕುಳಿತಾಗ ಅವರೇ ಆಡುವ ಮಾತಿಗೂ ಬಹಳ ಅಂತರವುಂಟು. ಅಲ್ಲಿ ಕಕ್ಷಿದಾರನ ಪರವಾಗಿ ನುಡಿಯಬೇಕು. ಇಲ್ಲಿ ತಮ್ಮ ಮನಸ್ಸಿಗೆ ತೋರಿದುದನ್ನು ನುಡಿಯಬಹುದು. ಇಂಥ ಮಾತುಗಳು ಸಾಮಾನ್ಯವಾಗಿ ತಾಂಬೂಲದೊಡನೆಯೇ ಮುಗಿದುಹೋಗುತ್ತವೆ. ಇಂಗ್ಲೆಂಡಿನ ಜಾನ್ ಸೆಲ್ಡನ್ ಎಂಬ ವಕೀಲನ ಮಾತುಗಳಿಗೆ ಮಾತ್ರ ಆ ಗತಿ ಬರಲಿಲ್ಲ. ಅವನ ಕಾರ್ಯದರ್ಶಿಯಾಗಿದ್ದ ರಿಚರ್ಡ್ ಮಿಲ್ವರ್ಡನು ಸುಮಾರು ಇಪ್ಪತ್ತು ವರ್ಷಗಳ ಸಹವಾಸದಲ್ಲಿ ತಾನು ಕೇಳಿದುದನ್ನು ಬರೆದಿಟ್ಟು, ವಿಷಯಗಳಿಗೆ ತಕ್ಕಂತೆ ಜೋಡಿಸಿದನು. ಸೆಲ್ಡನನು ತೀರಿಕೊಂಡದ್ದು 1654ರಲ್ಲಿ. ‘ಟೇಬಲ್ ಟಾಕ್’ ಎಂಬ ಹೆಸರಿನಿಂದ ಆ ಪುಸ್ತಕವು ಅಚ್ಚಾದುದು 1689ರಲ್ಲಿ.

ಸೆಲ್ಡನನು ಹುಟ್ಟಿದ್ದು 1584ರಲ್ಲಿ, ಸಸೆಕ್ಸ್ ಪ್ರಾಂತದ ಒಂದು ಹಳ್ಳಿಯಲ್ಲಿ. ಆಕ್ಸ್‌ಫರ್ಡಿನಲ್ಲಿ ಕೆಲಕಾಲ ಓದಿ, ಪದವಿಯನ್ನು ಪಡೆಯದೆಯೇ ಲಂಡನ್ನಿಗೆ ಬಂದು, 1604ರಲ್ಲಿ ಇನ್ನರ್ ಟೆಂಪಲ್ ಎಂಬ ವಕೀಲರ ಸಂಘವನ್ನು ಸೇರಿದನು. ಆ ಕಾಲದ ವಿಶ್ವವಿದ್ಯಾನಿಲಯಗಳಲ್ಲಿ ರೋಮನ್ನರ ನ್ಯಾಯಶಾಸ್ತ್ರವನ್ನು ಬೋಧಿಸುತ್ತಿದ್ದರೇ ಹೊರತು ಇಂಗ್ಲಿಷರ ಸ್ವಂತ ಕಾನೂನನ್ನಲ್ಲ. ಅದನ್ನು ಕಲಿಯಬೇಕಾದವನು ಹಗಲು ನ್ಯಾಯಾಸ್ಥಾನದಲ್ಲಿ ನಿಂತು ಕೇಳಬೇಕು. ರಾತ್ರಿ ಸಂಘದ ಭೋಜನಶಾಲೆಯಲ್ಲಿ ಹಿರಿಯರೊಡನೆ ಉಂಡು, ಉಂಡ ಮೇಲೆ ಕಲ್ಪಿತ ವ್ಯಾಜ್ಯಗಳನ್ನು ಹೂಡಿ ವಾದಿಸಬೇಕು. ಊಟದ ಪಂಕ್ತಿಯೇ ಅಲ್ಲಿ ಪಾಠಶಾಲೆ. 1624ರಲ್ಲಿ ಕಿರಿಯರಿಗೆ ಉಪನ್ಯಾಸ ಮಾಡಬೇಕೆಂದು ಸಂಘವು ನೇಮಿಸಿದಾಗ ಸೆಲ್ಡನನು ಒಲ್ಲೆನೆಂದನು. ಸಂಘವು ಅವನಿಗೆ ದಂಡ ವಿಧಿಸಿ, ಹಿರಿಯರ ಪಂಕ್ತಿಗೆ ಅವನನ್ನು ಏರಿಸಕೂಡದೆಂದು ತೀರ್ಮಾನಿಸಿತು. ಕೆಲವು ವರ್ಷಗಳಲ್ಲಿ ತಾನೇ ಆ ತೀರ್ಮಾನವನ್ನು ರದ್ದುಮಾಡಿ ಅವನನ್ನು ಹಿರಿಯನನ್ನಾಗಿ ಆರಿಸಿತು. ಮಹಾತ್ಮ ಗಾಂಧಿಯವರು 1891ರಲ್ಲಿ ಬ್ಯಾರಿಸ್ಟರಾದುದೂ ಈ ಸಂಘದಿಂದಲೇ. ಅವರ ಹೆಸರನ್ನು 1922ರಲ್ಲಿ ಹೊಡೆದುಹಾಕಿ, 1988ರಲ್ಲಿ ಮರಳಿ ಬರೆದುಕೊಂಡದ್ದನ್ನು ನೋಡಿದರೆ ಸಂಘದ ಸ್ವಭಾವ ಹೆಚ್ಚು ಬದಲಾಗಿರಲಿಲ್ಲವೆಂದು ತೋರುತ್ತದೆ.

ಸೆಲ್ಡನನ ವಿದ್ಯೆಯು ಒರೆಗಲ್ಲಿಗೆ ಬಂದುದು 1627ರಲ್ಲಿ. ದೊರೆ ಒಂದನೆಯ ಚಾರ್ಲ್ಸನು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಬಲವಂತದ ಸಾಲವನ್ನು ಎತ್ತಲು, ಕೊಡಲೊಲ್ಲದವರನ್ನು ಸೆರೆಗೆ ಹಾಕಿದರು. ಅವರಲ್ಲಿ ಐವರು ತಮ್ಮ ಬಂಧನಕ್ಕೆ ಕಾರಣವೇನೆಂದು ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ ಕೇಳಿದರು. ದೊರೆಯ ವಿಶೇಷಾಜ್ಞೆ ಎಂಬುದೊಂದೇ ಉತ್ತರ. ಐವರಲ್ಲೊಬ್ಬನ ಪರವಾಗಿ ಸೆಲ್ಡನನು ವಾದಿಸಿದನು. ನ್ಯಾಯಾಧೀಶರು ಜಾಮೀನು ಕೊಡಲಿಲ್ಲ. ಸೋತ ಆ ವಾದವೇ ಮರುವರ್ಷ ಪಾರ್ಲಿಮೆಂಟಿನ ಹಕ್ಕಿನ ಮನವಿಯಾಗಿ ಎದ್ದುಬಂದಿತು; ಅದನ್ನು ರೂಪಿಸಿದವರಲ್ಲಿ ಅವನೂ ಒಬ್ಬ. 1629ರಲ್ಲಿ ಅವನನ್ನೇ ಹಿಡಿದು ಸೆರೆಗೆ ನೂಕಿದರು. ಸನ್ನಡತೆಗೆ ಮುಚ್ಚಳಿಕೆ ಬರೆದುಕೊಟ್ಟರೆ ಬಿಡುಗಡೆಯೆಂದರು. ತಪ್ಪನ್ನು ಸ್ಥಾಪಿಸದೆ ಮುಚ್ಚಳಿಕೆ ಕೇಳುವುದು ಕಾನೂನಲ್ಲವೆಂದು ಅವನು ನಿರಾಕರಿಸಿದನು. 1631ರವರೆಗೆ ಅವನಿಗೆ ಬಿಡುಗಡೆಯಾಗಲಿಲ್ಲ.

ಇಷ್ಟನ್ನು ತಿಳಿದು ಅವನ ಊಟದ ಮಾತುಗಳನ್ನು ಓದಿದರೆ ಅವುಗಳ ತೂಕ ಗೊತ್ತಾಗುತ್ತದೆ. ದೊರೆಯೆಂಬುವನು ದೇವಲೋಕದಿಂದ ಇಳಿದುಬಂದವನಲ್ಲ, ಮನೆಮಂದಿ ತಮ್ಮ ನೆಮ್ಮದಿಗಾಗಿ ಒಬ್ಬನಿಗೆ ಪೇಟೆಯ ವ್ಯವಹಾರ ವಹಿಸುವಂತೆ ಜನರು ಮಾಡಿಕೊಂಡ ಏರ್ಪಾಡು ಎಂಬುದು ಅವನ ಅಭಿಪ್ರಾಯ. ಕಾನೂನು ದೊರೆಗೂ ಪ್ರಜೆಗಳಿಗೂ ಆದ ಕರಾರು. ಕರಾರಿಗೆ ಇಬ್ಬರೂ ಬದ್ಧರು. ಕಾನೂನು ತಿಳಿಯದೆಂಬ ನೆಪವನ್ನು ನ್ಯಾಯಾಸ್ಥಾನವು ಒಪ್ಪದಿರುವುದು ಎಲ್ಲರಿಗೂ ಕಾನೂನು ಗೊತ್ತಿದೆಯೆಂದಲ್ಲ, ಆ ನೆಪವನ್ನು ಯಾರು ಹೇಳಿದರೂ ಸುಳ್ಳೆಂದು ತೋರಿಸಲಾಗದೆಂದು.

ಎಲ್ಲಕ್ಕಿಂತ ಹೆಸರಾದ ಮಾತು ಚಾನ್ಸಲರನ ಪಾದವನ್ನು ಕುರಿತದ್ದು. ಕಾನೂನಿನ ಕಟ್ಟುನಿಟ್ಟಿನಿಂದ ಅನ್ಯಾಯವಾದಾಗ ಚಾನ್ಸಲರನು ತನ್ನ ಧರ್ಮಬುದ್ಧಿಯಿಂದ ಪರಿಹಾರ ಕೊಡುತ್ತಿದ್ದನು. ನಮ್ಮ ಭಾಷೆಯಲ್ಲಿ ಅಡಿಯೆಂದರೆ ಪಾದವೂ ಹೌದು, ಅಳತೆಯೂ ಹೌದು. ಅಡಿಯ ಅಳತೆಯನ್ನು ಆಯಾ ಚಾನ್ಸಲರನ ಪಾದದಿಂದ ನಿಶ್ಚಯಿಸಿದರೆ ಒಬ್ಬನದು ಉದ್ದ, ಒಬ್ಬನದು ಮೋಟು. ಒಬ್ಬೊಬ್ಬನ ಮನಸ್ಸಾಕ್ಷಿಯನ್ನು ನೆಚ್ಚಿದ ನ್ಯಾಯವೂ ಹಾಗೆಯೇ ಎಂದು ಸೆಲ್ಡನನು ಪರಿಹಾಸ ಮಾಡಿದನು. ಈ ಕೊಂಕು ಎಷ್ಟು ನಾಟಿತೆಂದರೆ, 1818ರಲ್ಲಿ ಚಾನ್ಸಲರ್ ಎಲ್ಡನನು ಈ ಅಪವಾದ ತನಗೆ ತಗುಲಬಾರದೆಂದು ತೀರ್ಪೊಂದರಲ್ಲಿಯೇ ಹೇಳಿಕೊಂಡನು.

ಆದರೆ ಇದು ಎದುರಾಳಿಗಳ ಮೇಲೆ ಮಾತ್ರ ಎಸೆಯುವ ಕಲ್ಲಾಗಿರಲಿಲ್ಲ. 1641ರಲ್ಲಿ ಪಾರ್ಲಿಮೆಂಟು ಪ್ರಬಲವಾಗಿ, ದೊರೆಯ ಮಂತ್ರಿ ಸ್ಟ್ರಾಫರ್ಡನ ಮೇಲೆ ವಿಚಾರಣೆ ನಡೆಸಿತು. ರಾಜದ್ರೋಹವನ್ನು ಸ್ಥಾಪಿಸುವುದು ಕಷ್ಟವಾಗಲು, ಅವನನ್ನು ಕೊಲ್ಲುವುದಕ್ಕೆಂದೇ ಒಂದು ಶಾಸನವನ್ನು ಮಾಡಹೊರಟಿತು. ಕಾಮನ್ಸ್ ಸಭೆಯಲ್ಲಿ ಅದನ್ನು ವಿರೋಧಿಸಿದವರು 59 ಮಂದಿ. ದೇಶದ್ರೋಹಿಗಳೆಂದು ಅವರ ಹೆಸರುಗಳನ್ನು ಊರಿನಲ್ಲಿ ಅಂಟಿಸಿದರು. ಅದರಲ್ಲಿ ಸೆಲ್ಡನನ ಹೆಸರೂ ಇದ್ದಿತು. ದೊರೆಯ ಪಾದವು ಅಳತೆಯಾಗಕೂಡದೆಂದವನು ಸ್ವಪಕ್ಷದ ಪಾದವೂ ಅಳತೆಯಲ್ಲವೆಂದನು.

ಮುನ್ನೂರು ವರ್ಷಗಳ ಮೇಲೆ ಇದೇ ಪ್ರಶ್ನೆ ನಮ್ಮ ಬೆಂಗಳೂರಿಗೆ ಬಂದಿತು. 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿಯನ್ನು ಸಾರಿದಾಗ, ಸಂಸತ್ತಿನ ಸಮಿತಿಯ ಕೆಲಸಕ್ಕಾಗಿ ಇಲ್ಲಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ ಮೊದಲಾದವರನ್ನು ಬಂಧಿಸಿದರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಹೇಳಿತು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರಲ್ಲಿ ನಾಲ್ವರು ಕೂಡದೆಂದರು. ಭಿನ್ನಮತವನ್ನು ಬರೆದವರು ಎಚ್. ಆರ್. ಖನ್ನಾ ಒಬ್ಬರೇ. ಕರ್ನಾಟಕದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಆ ನಾಲ್ವರ ತೀರ್ಪು ರದ್ದಾಯಿತು. ಐವರ ಪರವಾಗಿ ಸೋತ ಸೆಲ್ಡನನ ವಾದದಂತೆ ಖನ್ನಾ ಅವರ ಭಿನ್ನಮತವೂ ತಡವಾಗಿ ಗೆದ್ದಿತು.

ರಾಜಕೀಯವನ್ನು ಕುರಿತು ನಾವೆಲ್ಲರೂ ಊಟದ ಹೊತ್ತಿನಲ್ಲಿ ಧಾರಾಳವಾಗಿ ಅಭಿಪ್ರಾಯ ಹೇಳುತ್ತೇವೆ. ಅದರಲ್ಲಿ ತಪ್ಪಿಲ್ಲ. ಹೇಳುವ ಮುನ್ನ ಕೈಯಲ್ಲಿರುವ ಅಳತೆಗೋಲನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು: ಅದು ಎಲ್ಲರಿಗೂ ಒಂದೇ ಆದ ಗಜವೋ, ಅಥವಾ ನಮ್ಮದೇ ಪಾದವೋ?