ಪೆಟ್ಟಿಗೆಯೊಳಗಿನ ನಾರು, ನ್ಯೂಟನ್ನನ ಲೆಕ್ಕ

ಕಾರಿನ ಡಿಕ್ಕಿಯಲ್ಲಿ ಮಂದ್ರ ಸ್ವರಗಳಿಗೆಂದೇ ಒಂದು ಪೆಟ್ಟಿಗೆ ಕೂರಿಸುವುದುಂಟು. ಸಬ್‌ವೂಫರ್ ಎಂದು ಅದರ ಹೆಸರು. ಅದನ್ನು ಬಿಚ್ಚಿ ನೋಡಿದರೆ ಎಷ್ಟೋ ವೇಳೆ ಒಳಗೆ ಕಾಣುವುದು ದಿಂಬಿಗೆ ತುಂಬುವಂಥ ಬಿಳಿಯ ನಾರು! 'ಇದನ್ನು ತುಂಬಿದರೆ ಪೆಟ್ಟಿಗೆ ದೊಡ್ಡದಾಗುತ್ತದೆ ಸಾರ್' ಎಂದು ಕೂರಿಸುವವನು ಹೇಳಿದರೆ ನಗು ಬರುವುದು ಸಹಜ. ಏನನ್ನಾದರೂ ತುಂಬಿದರೆ ಒಳಗಿನ ಜಾಗ ಕಡಿಮೆಯಾಗಬೇಕಲ್ಲವೆ? ಆದರೂ ಅವನ ಮಾತಿನಲ್ಲಿ ಹುರುಳಿದೆ. ಅದನ್ನು ತಿಳಿಯಲು ಮುನ್ನೂರು ವರ್ಷಕ್ಕೂ ಹಿಂದಕ್ಕೆ, ನ್ಯೂಟನ್ನನ ಬಳಿಗೆ ಹೋಗಬೇಕು.

1687ರಲ್ಲಿ ಪ್ರಕಟವಾದ 'ಪ್ರಿನ್ಸಿಪಿಯ' ಗ್ರಂಥದಲ್ಲಿ ನ್ಯೂಟನ್ ಗಾಳಿಯಲ್ಲಿ ಶಬ್ದದ ವೇಗವನ್ನು ಲೆಕ್ಕ ಹಾಕಿದ. ದಾರಿ ಸರಿಯಾಗಿತ್ತು, ಉತ್ತರ ಮಾತ್ರ ತಪ್ಪಿತು. 1713ರ ಎರಡನೆಯ ಆವೃತ್ತಿಯಲ್ಲಿ ಅವನ ಲೆಕ್ಕಕ್ಕೆ ಬಂದದ್ದು ಸೆಕೆಂಡಿಗೆ 979 ಅಡಿ. ಅಳತೆ ಹೇಳುತ್ತಿದ್ದುದು 1142 ಅಡಿ. ಈ ಅಂತರವನ್ನು ಮುಚ್ಚಲು ಅವನು ಗಾಳಿಯ ಕಣಗಳ ಗಾತ್ರ, ಅದರಲ್ಲಿ ಬೆರೆತ ಆವಿ ಎಂದು ಏನೇನೋ ಕಾರಣ ಕೊಟ್ಟ. ಮಹಾಮೇಧಾವಿಗಳೂ ಲೆಕ್ಕಕ್ಕೆ ತೇಪೆ ಹಾಕುತ್ತಾರೆ!

ನಿಜವಾದ ಕಾರಣವನ್ನು 1816ರಲ್ಲಿ ಫ್ರಾನ್ಸಿನ ಲಾಪ್ಲಾಸ್ ತೋರಿಸಿಕೊಟ್ಟ. ಸೈಕಲ್ ಪಂಪಿನಿಂದ ಗಾಳಿ ಹೊಡೆದವರಿಗೆಲ್ಲ ಗೊತ್ತು, ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿ ಇನ್ನಷ್ಟು ಬಲವಾಗಿ ಎದುರು ಒತ್ತುತ್ತದೆ. ಶಬ್ದದ ಅಲೆಯಲ್ಲಿ ಈ ಶಾಖ ಹರಿದುಹೋಗಲು ಸಮಯವೇ ಇಲ್ಲ. ಹಾಗಾಗಿ ಗಾಳಿಯೆಂಬ ಸ್ಪ್ರಿಂಗು ನ್ಯೂಟನ್ ಎಣಿಸಿದ್ದಕ್ಕಿಂತ 1.4 ಪಟ್ಟು ಬಿಗಿ.

ಈಗ ಪೆಟ್ಟಿಗೆಗೆ ಬರೋಣ. ಮುಚ್ಚಿದ ಪೆಟ್ಟಿಗೆಯ ಸ್ಪೀಕರು ಒಳಕ್ಕೆ ಸರಿದಾಗ ಗಾಳಿ ಕಾಯುತ್ತದೆ. ನಡುವೆ ಹರಡಿರುವ ಅಸಂಖ್ಯ ಎಳೆಗಳು ಆ ಶಾಖವನ್ನು ಹೀರಿ, ಸ್ಪೀಕರು ಹೊರಕ್ಕೆ ಸರಿದಾಗ ಹಿಂದಿರುಗಿಸುತ್ತವೆ. ಮಂದ್ರ ಸ್ವರಗಳ ಕಂಪನ ನಿಧಾನವಾದ್ದರಿಂದ ಈ ಕೊಡುಕೊಳೆಗೆ ಸಮಯ ಸಿಗುತ್ತದೆ. ಗಾಳಿ ಮೆತ್ತಗಾಗುತ್ತದೆ, ಹೆಚ್ಚು ಜಾಗವಿದ್ದರೆ ಹೇಗೋ ಹಾಗೆ. ನ್ಯೂಟನ್ ಊಹಿಸಿದ್ದ ಗಾಳಿ ಬಯಲಿನಲ್ಲಿಲ್ಲ. ದಿಂಬಿನ ನಾರಿನ ನಡುವೆ ಹೆಚ್ಚುಕಡಿಮೆ ಇದೆ. ಲೆಕ್ಕದ ಪ್ರಕಾರ ನೂರಕ್ಕೆ 40ರವರೆಗೆ ಲಾಭ. ಕೈಗೆ ಹತ್ತುವುದು 15ರಿಂದ 25ರಷ್ಟು.

ಗಾಳಿಯನ್ನೇ ಸ್ಪ್ರಿಂಗಾಗಿ ದುಡಿಸಿಕೊಳ್ಳುವ ಈ ಉಪಾಯವನ್ನು ಮನೆಮನೆಗೆ ತಂದವನು ಅಮೆರಿಕದ ಎಡ್ಗರ್ ವಿಲ್ಚರ್. 1950ರ ದಶಕದಲ್ಲಿ ಒಳ್ಳೆಯ ಮಂದ್ರ ಸ್ವರ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಸ್ಪೀಕರಿನ ಅಂಚಿನ ಬಿಗಿ ಹಿಡಿತವೇ ಸ್ವರವನ್ನು ಕೆಡಿಸುತ್ತಿದೆ ಎಂಬುದು ವಿಲ್ಚರನ ತರ್ಕ. ಅವನು ಹಳೆಯ ಸ್ಪೀಕರೊಂದರ ಅಂಚನ್ನು ತೆಗೆದು, ಹಾಸಿಗೆ ಹೊಲಿಯುವ ಬಟ್ಟೆಯಿಂದ ಸಡಿಲವಾದ ಅಂಚು ಕಟ್ಟಿದ. ಹಿಡಿದಿಡುವ ಕೆಲಸವನ್ನು ಮುಚ್ಚಿದ ಪೆಟ್ಟಿಗೆಯ ಗಾಳಿಗೆ ಬಿಟ್ಟ. 1954ರಲ್ಲಿ ತನ್ನ ಶಿಷ್ಯ ಹೆನ್ರಿ ಕ್ಲಾಸ್ ಜೊತೆಗೂಡಿ ಮೆಸಾಚುಸೆಟ್ಸಿನ ಕೇಂಬ್ರಿಜ್‌ನಲ್ಲಿ 'ಅಕೂಸ್ಟಿಕ್ ರಿಸರ್ಚ್' ಕಂಪೆನಿ ತೆರೆದ. ಅದರ 'ಎಆರ್-1' ಪೆಟ್ಟಿಗೆ ಪುಸ್ತಕದ ಕಪಾಟಿನಲ್ಲಿ ಹಿಡಿಸುವಷ್ಟು ಚಿಕ್ಕದು. ಒಳಗೆ ಗಾಜಿನ ನಾರು.

ನಂಬದವರಿಗಾಗಿ ಕಂಪೆನಿ ಕಛೇರಿಗಳನ್ನೇ ಏರ್ಪಡಿಸಿತು. ವೇದಿಕೆಯ ಮೇಲೆ ವಾದ್ಯಗಾರರು ನುಡಿಸುತ್ತಿದ್ದಂತೆ ನಡುನಡುವೆ ಸ್ಪೀಕರು ಅವರ ಮುದ್ರಿತ ವಾದನವನ್ನು ನುಡಿಸುತ್ತಿತ್ತು. ಬದಲಾದದ್ದು ಎಲ್ಲಿ ಎಂಬುದು ಎಷ್ಟೋ ಶ್ರೋತೃಗಳಿಗೆ ತಿಳಿಯಲಿಲ್ಲ. 1967ರಲ್ಲಿ ಕಂಪೆನಿಯನ್ನು ಮಾರಿದ ವಿಲ್ಚರ್, ಮುಂದೆ ಕಿವುಡರ ಶ್ರವಣಯಂತ್ರಗಳ ಸಂಶೋಧನೆಗೆ ತೊಡಗಿದ.

ಜಾಗದ ಕೊರತೆಯಿರುವ ಕಾರಿಗೆ ಇದೇ ವಂಶದ ಪೆಟ್ಟಿಗೆ ಹೊಂದುತ್ತದೆ. ಆದರೆ ನಾರನ್ನು ಗಿಡಿದು ತುಂಬಿದರೆ ಅದೇ ಜಾಗ ನುಂಗಿ ಲಾಭವೆಲ್ಲ ಹೋಗುತ್ತದೆ. ಹಳೆ ದಿಂಬಿನ ಗಂಟುಗಟ್ಟಿದ ಹತ್ತಿಯಂತೂ ಬೇಡ. ಪಾಲಿಯೆಸ್ಟರ್ ನಾರನ್ನು ಬಿಡಿಸಿ ಹಗುರವಾಗಿ ಹರಡಬೇಕು, ಸ್ಪೀಕರಿನ ಬೆನ್ನಿಗೆ ತಗುಲದಂತೆ. ಗಾಳಿ ಹೊರಹೋಗಲು ಕೊಳವೆಯಿರುವ ಪೆಟ್ಟಿಗೆಯಾದರೆ ನಡುವೆ ಏನನ್ನೂ ತುಂಬದೆ, ಗೋಡೆಗಳಿಗೆ ತೆಳುವಾಗಿ ಅಂಟಿಸಿ ಬಿಡುವುದೇ ಸರಿ.