ಅರ್ಧ ನಯಗೊಂಡ ಕೊಡಲಿ: ಬಳ್ಳಾರಿ ಸೀಮೆಯ ಪಶ್ಚಿಮ ತಾಲ್ಲೂಕುಗಳ ಕಲ್ಲಿನ ನಯವನ್ನು ಓದುವ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪ್ರಾಚೀನ ಚರಿತ್ರೆ ಬರೆಯುವವರು ನವಶಿಲಾಯುಗದ ಮಾತು ಬಂದ ಕೂಡಲೇ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರನ್ನು ನೆನೆಯುತ್ತಾರೆ. 1947ರಲ್ಲಿ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅವರು ನಡೆಸಿದ ಉತ್ಖನನದ ವರದಿ ಮರುವರ್ಷ ಪ್ರಕಟವಾಯಿತು. ಅಲ್ಲಿನ ಕೆಳಪದರಕ್ಕೆ ಅವರು ಕಲ್ಲುಕೊಡಲಿಯ ಹೆಸರನ್ನೇ ಕೊಟ್ಟು, ಅದರ ಆರಂಭವನ್ನು ಕ್ರಿ.ಪೂ. ಮೊದಲನೆಯ ಸಹಸ್ರಮಾನದ ಆದಿಭಾಗಕ್ಕೆ ಇಟ್ಟರು. ಆ ಕಾಲಗಣನೆ ಈಗ ನಿಲ್ಲುವುದಿಲ್ಲ. ಪುರಾತತ್ವಜ್ಞ ಆಲ್ಚಿನ್ ಅವರು ಉತ್ನೂರಿನಲ್ಲಿ ಅಗೆದ ಬೂದಿದಿಬ್ಬದ ಇಂಗಾಲ-14 ಫಲಿತಾಂಶಗಳು ದಕ್ಷಿಣದ ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದವು. ಹಳ್ಳೂರು, ತೆಕ್ಕಲಕೋಟೆಗಳಲ್ಲಿ ನಾಗರಾಜರಾಯರು ಮಾಡಿದ ಕೆಲಸ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ತಾರೀಖು ಹೀಗೆ ತಿದ್ದುಪಡಿಯಾದರೂ ಅದರ ಬೆನ್ನಿಗೆ ಅಂಟಿಕೊಂಡು ಬಂದ ಇನ್ನೊಂದು ನಂಬಿಕೆಯನ್ನು ಯಾರೂ ಮುಟ್ಟಿ ನೋಡಲಿಲ್ಲ. ನಯಗೊಂಡ ಕಲ್ಲು ಎಂದರೆ ಒಂದು ಕಾಲದ ಗುರುತು, ಹೆಚ್ಚು ನಯವಿದ್ದರೆ ಈಚಿನದು, ಕಡಿಮೆಯಿದ್ದರೆ ಹಿಂದಿನದು ಎಂಬ ನಂಬಿಕೆ ಅದು. (ವೀಲರ್ ಇಷ್ಟು ಸರಳವಾಗಿ ಹೇಳಿರಲಿಲ್ಲ. ತಪ್ಪಿನ ದೊಡ್ಡ ಪಾಲು ಅವರ ವರದಿಯನ್ನು ಓದದೆ ಅವರ ಹೆಸರನ್ನಷ್ಟೇ ಎತ್ತಿಕೊಂಡವರದು.)

ಈ ಓದಿನಿಂದಾದ ಅನ್ಯಾಯ ಅರ್ಧ ನಯಗೊಂಡ ಕೊಡಲಿಗಳ ಮೇಲೆ ಬಿದ್ದಿದೆ. ಹೊಲ ಉಳುವಾಗ ಸಿಗುವ ಕರಿಗಲ್ಲಿನ ಕೊಡಲಿಗಳಲ್ಲಿ ಬಾಯಿಯ ಕಡೆ ಮಾತ್ರ ತಿಕ್ಕಿ, ಬುಡದ ಕಡೆ ಒರಟಾಗಿಯೇ ಬಿಟ್ಟವು ಎಷ್ಟೋ ಇರುತ್ತವೆ. ತಾಲ್ಲೂಕು ಚರಿತ್ರೆಗಳಲ್ಲಿ ಇವು ಕೈ ಪಳಗದವರ ಕೆಲಸವಾಗಿ ಇಲ್ಲವೇ ಹೆಚ್ಚು ಹಳೆಯವಾಗಿ ದಾಖಲಾಗುತ್ತವೆ. ಎರಡೂ ತಪ್ಪು, ಮತ್ತು ಆ ತಪ್ಪನ್ನು ತೋರಿಸಲು ಬೇಕಾದ ಸಾಕ್ಷ್ಯ ನೂರು ವರ್ಷಕ್ಕೂ ಹಿಂದಿನಿಂದ ಅಚ್ಚಿನಲ್ಲೇ ಇದೆ.

ರಾಬರ್ಟ್ ಬ್ರೂಸ್ ಫೂಟ್ ಅವರ ಸಂಗ್ರಹವೇ ಆ ಸಾಕ್ಷ್ಯ. ಫೂಟ್ ಭೂವಿಜ್ಞಾನ ಸರ್ವೇಕ್ಷಣೆಯ ನೌಕರರು. ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲಿನ ಅವರ ಗ್ರಂಥ 1895ರದು. ಪ್ರಾಚೀನ ಉಪಕರಣಗಳನ್ನು ಆಯುವುದು ಅವರ ಸ್ವಂತ ಆಸಕ್ತಿ. 1863ರ ಮೇ 30ರಂದು ಪಲ್ಲಾವರಂನಲ್ಲಿ ಮೊದಲ ಕಲ್ಲು ಕೈಗೆ ಸಿಕ್ಕಂದಿನಿಂದ ನಾಲ್ಕು ದಶಕ ಅವರು ಅದನ್ನು ಬಿಡಲಿಲ್ಲ. 1904ರಲ್ಲಿ ಸಂಗ್ರಹ ಮದ್ರಾಸು ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು, ಅದರ ಪಟ್ಟಿ ಮತ್ತು ಟಿಪ್ಪಣಿಗಳು ಅವರು ತೀರಿಕೊಂಡ ಮೇಲೆ 1914 ಮತ್ತು 1916ರಲ್ಲಿ ಹೊರಬಂದವು. ಹವ್ಯಾಸಿ ಎಂಬ ಮಾತನ್ನು ಹಗುರವಾಗಿ ಆಡುವ ನಮ್ಮ ಪುರಾತತ್ವಜ್ಞರು ಇದನ್ನು ಮರೆಯಬಾರದು: ಭಾರತದ ಪ್ರಾಗಿತಿಹಾಸದ ಅಧ್ಯಯನವನ್ನು ಆರಂಭಿಸಿದವರು ಕಲ್ಲು ಆಯುವ ಹುಚ್ಚಿನವರೊಬ್ಬರು.

ಆ ಪಟ್ಟಿಯ ಬೆಲೆ ಇರುವುದು ಚೆಂದದ ಕೊಡಲಿಗಳಲ್ಲಿ ಅಲ್ಲ, ಕೆಟ್ಟ ಕೊಡಲಿಗಳಲ್ಲಿ. ಮುರಿದದ್ದು, ಅರ್ಧಕ್ಕೆ ಬಿಟ್ಟದ್ದು, ಚಕ್ಕೆ ಎಬ್ಬಿಸಿ ಅಷ್ಟಕ್ಕೇ ಕೈಬಿಟ್ಟದ್ದು, ಎಲ್ಲವನ್ನೂ ಫೂಟ್ ಎತ್ತಿಟ್ಟುಕೊಂಡರು. ಬಳ್ಳಾರಿ ಬಳಿಯ ಕುಪ್ಪಗಲ್ಲಿನ ಗುಡ್ಡದಲ್ಲಿ ಕೊಡಲಿ ತಯಾರಾಗುತ್ತಿದ್ದ ಜಾಗವನ್ನು ಅವರು ಗುರುತಿಸಲು ಸಾಧ್ಯವಾದದ್ದು ಈ ಅಭ್ಯಾಸದಿಂದಲೇ. ಡಾಲರೈಟಿನ, ಅಂದರೆ ಕರಿಗಲ್ಲಿನ, ಉಂಡೆಗೆ ಮೊದಲು ಚಕ್ಕೆ ಎಬ್ಬಿಸಬೇಕು; ಉಳಿದ ಏಣುಗಳನ್ನು ಇನ್ನೊಂದು ಕಲ್ಲಿನಿಂದ ಕುಟ್ಟಿ ತಗ್ಗಿಸಬೇಕು; ಬಂಡೆಯ ಮೇಲೆ ತಿಕ್ಕಬೇಕು; ಕೊನೆಗೆ ಹೊಳಪು. ಇವು ಒಂದೇ ಕೊಡಲಿಯ ಹಂತಗಳು. ಆಲ್ಚಿನ್ 1957ರಲ್ಲಿ ಉತ್ತರ ಕರ್ನಾಟಕದ ನವಶಿಲಾಯುಗದ ಕಲ್ಲಿನ ಕೆಲಸದ ಬಗ್ಗೆ ಬರೆದ ಪ್ರಬಂಧ ಇದೇ ಜಾಡಿನಲ್ಲಿ ನಡೆಯಿತು. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ರವಿ ಕೋರಿಶೆಟ್ಟರ್, ನಿಕೋಲ್ ಬೋಯ್ವಿನ್, ಆಡಂ ಬ್ರಮ್ ಮೊದಲಾದವರ ತಂಡ ಮಾಡಿದ ಕೆಲಸದಿಂದ ಕೊಡಲಿ ತಯಾರಿಕೆಯ ಜಾಗ ಹೇಗಿತ್ತು ಎಂಬುದು ಮತ್ತಷ್ಟು ವಿವರವಾಗಿ ತಿಳಿಯಿತು. ಇಷ್ಟಾದರೂ ನಮ್ಮ ಕೈಪಿಡಿಗಳು ಹಂತವನ್ನು ಕಾಲವೆಂದೇ ಓದುತ್ತಿವೆ.

ಹಾಗಾದರೆ ಬುಡವನ್ನು ಒರಟಾಗಿ ಬಿಟ್ಟದ್ದೇಕೆ? ಕೊಡಲಿಗೆ ಕಾವು ಬೇಕು. ಮರದ ಹಿಡಿಗೆ ಸಿಕ್ಕಿಸಿ ಬಿಗಿಯುವ ಭಾಗ ಕನ್ನಡಿಯಂತಿದ್ದರೆ ಹೊಡೆತಕ್ಕೆ ಜಾರುತ್ತದೆ. ಕುಟ್ಟಿದ ತರಿ ಮೈ ಮರವನ್ನು ಕಚ್ಚಿ ಹಿಡಿಯುತ್ತದೆ. ಬಾಯಿಯ ಕಡೆಗಾದರೆ ನಯ ಬೇಕೇ ಬೇಕು, ಏಕೆಂದರೆ ಒರಟು ಅಂಚಿನಲ್ಲಿ ಬಿರುಕು ಹುಟ್ಟಿ ಬೇಗ ಚಕ್ಕೆ ಏಳುತ್ತದೆ. ಆದ್ದರಿಂದ ಅರ್ಧ ನಯಗೊಂಡದ್ದು ಮುಗಿದ ಕೊಡಲಿ. ವಿವರಣೆ ಬೇಡುವುದು ಮೈಯೆಲ್ಲ ಹೊಳೆಯುವ ಕೊಡಲಿ. ಕಡಿಯುವ ಕೆಲಸಕ್ಕೆ ಬೇಡದ ಆ ದುಡಿಮೆಯನ್ನು ಪ್ರತಿಷ್ಠೆ, ಕೊಡುಗೆ, ಆರಾಧನೆ ಎಂದು ವಿವರಿಸುವವರಿದ್ದಾರೆ. ಇರಬಹುದು. ಕಲ್ಲಿನೊಳಗಿನ ಬಣ್ಣ ತಿಕ್ಕಿದಷ್ಟೂ ಮೇಲೆದ್ದು ಬರುವ ಸಂತೋಷಕ್ಕೂ ಅಲ್ಲಿ ಜಾಗ ಇದ್ದಿರಬೇಕು ಎಂದು ನಾನು ನಂಬುತ್ತೇನೆ, ಇದನ್ನು ಸಾಬೀತು ಮಾಡುವ ಹಟ ನನಗಿಲ್ಲ.

ಇಲ್ಲಿ ಕ್ಯಾಬೊಶಾನ್ ಮಾಡುವವರ ಅನುಭವ ಪುರಾತತ್ವಕ್ಕೆ ನೇರವಾಗಿ ನೆರವಾಗುತ್ತದೆ. ಹಳ್ಳದಲ್ಲಿ ಆಯ್ದ ಕಲ್ಲನ್ನು ಸೀಳಿ, ಅರಗಿನಿಂದ ಕಡ್ಡಿಗೆ ಅಂಟಿಸಿ, ಗುಮ್ಮಟದಂತೆ ಉಬ್ಬಿಸಿ ತಿಕ್ಕುವವರಿಗೆ ಒಂದು ನಿಯಮ ಗೊತ್ತು: ದಪ್ಪ ಪುಡಿಯಿಂದ ನುಣ್ಣನೆಯ ಪುಡಿಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಒಂದನ್ನು ಹಾರಿಸಿದರೂ ಹಿಂದಿನ ಗೀರು ಹೊಳಪಿನೊಳಗಿಂದ ಇಣುಕುತ್ತದೆ. ಎರಡನೆಯ ನಿಯಮ ಗಡಸುತನದ್ದು. ಮೋಹ್ಸ್ ಅಳತೆಯಲ್ಲಿ ಡಾಲರೈಟಿನ ಖನಿಜಗಳು ಸುಮಾರು 5ರಿಂದ 6, ಬೆಣಚುಕಲ್ಲು 7, ಕುರುಂದ 9. ಗ್ರಾನೈಟ್ ಬಂಡೆಯೊಳಗೆ ಬೆಣಚು ಇರುವುದರಿಂದ ನೀರು, ಮರಳು ಹಾಕಿ ತಿಕ್ಕಿದರೆ ಅದು ಡಾಲರೈಟನ್ನು ಸವೆಸುತ್ತದೆ; ಬೇರೆ ಸಲಕರಣೆ ಬೇಡ. ಜಾಸ್ಪರ್, ಅಕೀಕುಗಳ ಗಡಸುತನವೂ 7ರ ಆಸುಪಾಸಿನದು. ಅದೇ ಬಂಡೆಯ ಮೇಲೆ ಅವನ್ನು ತಿಕ್ಕುವುದು ಸಮಬಲರ ಜಗಳ, ಕುರುಂದದ ಪುಡಿಯಿಲ್ಲದೆ ಸುಲಭಕ್ಕೆ ಬಗೆಹರಿಯದು. ಬಾಗಳಿ, ಕುರುವತ್ತಿ, ಹಡಗಲಿಗಳ ಚಾಲುಕ್ಯ ಕಂಬಗಳು ಮೃದುವಾದ ಬಳಪದ ಕಲ್ಲಿನ ಬಳಗದವು, ತಿರುಗಣೆಗೂ ಉಳಿಗೂ ಒಗ್ಗುತ್ತವೆ. ಕಲ್ಲುಕೊಡಲಿಯಿಂದ ಬಾಗಳಿಯ ಕಂಬದವರೆಗೆ ನಯಗಾರಿಕೆಯ ಒಂದೇ ಪರಂಪರೆಯನ್ನು ಎಳೆದು ತರುವ ಭಾಷಣಗಳು ಈ ಅಂಕಿಗಳ ಎದುರು ನಿಲ್ಲುವುದಿಲ್ಲ. ಕೊಡಲಿ, ಜಾಸ್ಪರ್, ಕಂಬ ಮೂರೂ ಕಣ್ಣಿಗೆ ಹೊಳೆದರೂ ಬೇರೆ ಬೇರೆ ಕಲ್ಲಿನ ಮೇಲೆ ನಡೆದ ಬೇರೆ ಬೇರೆ ಕೆಲಸಗಳು ಅವು.

ಇನ್ನೆರಡು ಎಚ್ಚರಿಕೆಗಳು ಬೇಕು. ಡಾಲರೈಟು ಮಳೆ, ಬಿಸಿಲಿಗೆ ಮೇಲ್ಪದರ ಕಳೆದುಕೊಂಡು ಕಂದುಗಟ್ಟುತ್ತದೆ. ಹೊಲದಲ್ಲಿ ಸಿಕ್ಕ ಕೊಡಲಿಗೆ ಇವತ್ತು ಹೊಳಪಿಲ್ಲ ಎಂದರೆ ಅಂದೂ ಇರಲಿಲ್ಲ ಎಂದಾಗುವುದಿಲ್ಲ. ಕುರುವತ್ತಿ, ಮೈಲಾರಗಳ ಹೊಳೆದಂಡೆಯಲ್ಲಿ ತುಂಗಭದ್ರೆಯೇ ಉರುಳಿಸಿ ನುಣ್ಣಗೆ ಮಾಡಿದ ಕಲ್ಲುಗಳನ್ನು ಮನುಷ್ಯನ ಕೆಲಸವೆಂದು ತಂದು ತೋರಿಸುವವರೂ ಇದ್ದಾರೆ. ಕೈಮಸೂರದಲ್ಲಿ ನೋಡಿದರೆ ವ್ಯತ್ಯಾಸ ಕಾಣುತ್ತದೆ: ನೀರು ಎಲ್ಲ ಏಣುಗಳನ್ನೂ ದಿಕ್ಕಿಲ್ಲದೆ ಸವೆಸಿರುತ್ತದೆ, ಕೈ ತಿಕ್ಕಿದ್ದರೆ ಸಪಾಟು ಮುಖಗಳೂ ಒಂದೇ ದಿಕ್ಕಿನ ಗೀರುಗಳೂ ಉಳಿದಿರುತ್ತವೆ.

ಆ ಗೀರುಗಳೇ ನಮ್ಮ ದಾಖಲೆ. ಅದಕ್ಕಾಗಿಯೇ ಕಲ್ಲು ಆಯುವ ಗೆಳೆಯರಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬೆಣಚು, ಜಾಸ್ಪರ್ ಸಿಕ್ಕರೆ ಮನಸಾರೆ ತಿಕ್ಕಿ. ಕೊಡಲಿಯಾಕಾರದ ಕರಿಗಲ್ಲು ಸಿಕ್ಕರೆ ಚಕ್ರಕ್ಕೆ ಕೊಡಬೇಡಿ. ಚೆಂದ ಕಾಣಲೆಂದು ಬುಡಕ್ಕೂ ಹೊಳಪು ಕೊಟ್ಟ ಕ್ಷಣ ಕಾವಿನ ಸಾಕ್ಷ್ಯ ಅಳಿದುಹೋಗುತ್ತದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಅಂಥದ್ದು ಪುರಾವಸ್ತು ಕೂಡ. ಸಿಕ್ಕ ಊರು, ಹೊಲ, ಮಣ್ಣು ಮಸಾರಿಯೋ ಎರೆಯೋ ಎಂದು ಬರೆದಿಟ್ಟು, ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲೇ ಇರುವ ವಸ್ತುಸಂಗ್ರಹಾಲಯದವರಿಗೆ ತೋರಿಸಿ. ಚೆನ್ನೈನಲ್ಲಿರುವ ಫೂಟ್ ಸಂಗ್ರಹದ ಬಳ್ಳಾರಿ ಕೊಡಲಿಗಳನ್ನು ಯಾವ ಕಲ್ಲು, ಯಾವ ಹಂತ, ಗೀರು ಯಾವ ದಿಕ್ಕು ಎಂಬ ಮೂರು ಪ್ರಶ್ನೆಗಳಿಂದ ಮತ್ತೆ ಪರಿಶೀಲಿಸುವ ಕೆಲಸಕ್ಕೆ ಪುರಾತತ್ವದ ವಿದ್ಯಾರ್ಥಿಯ ಜೊತೆ ಕಲ್ಲು ತಿಕ್ಕಿ ಪಳಗಿದ ಒಬ್ಬ ಹವ್ಯಾಸಿಯನ್ನೂ ಕೂರಿಸಬೇಕು.