ಬಾರ್ಲಿ ಕೊಟ್ಟ ಗಡುವು

ಸುಮೇರಿಯನ್ ಭಾಷೆಯಲ್ಲಿ ‘ಶೆ’ ಎಂದರೆ ಬಾರ್ಲಿ. ಕಾಳು ಎಂಬ ಸಾಮಾನ್ಯ ಅರ್ಥಕ್ಕೂ ಅದೇ ಪದ. ತೂಕದ ಅತಿ ಚಿಕ್ಕ ಮಾನಕ್ಕೂ ಅದೇ ಪದ. 180 ‘ಶೆ’ ಸೇರಿದರೆ ಒಂದು ಶೆಕೆಲ್. ದೇವಾಲಯದ ಆಳುಗಳ ಕೂಲಿಯನ್ನು ಬಾರ್ಲಿಯಲ್ಲಿ ಅಳೆದು ಕೊಡುತ್ತಿದ್ದರು, ಸಾಲ ಮತ್ತು ಬಡ್ಡಿಯ ಲೆಕ್ಕವನ್ನೂ ಬಾರ್ಲಿಯಲ್ಲಿ ಬರೆಯುತ್ತಿದ್ದರು. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಬಯಲಿನಲ್ಲಿ, ಅಂದರೆ ಇಂದಿನ ದಕ್ಷಿಣ ಇರಾಕಿನಲ್ಲಿ, ಗೋಧಿಗಿಲ್ಲದ ಈ ಸ್ಥಾನ ಬಾರ್ಲಿಗೆ ಏಕೆ ದಕ್ಕಿತು? ಇದಕ್ಕೆ ಸಿಕ್ಕಿರುವ ಉತ್ತರಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ಉಪ್ಪಿನದು.

1958ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಜೇಡಿಮಣ್ಣಿನ ಹಲಗೆಗಳ ಬರಹವನ್ನು ಓದಬಲ್ಲ ಥಾರ್ಕಿಲ್ಡ್ ಜಾಕೋಬ್ಸನ್ ಮತ್ತು ಪುರಾತತ್ವಜ್ಞ ರಾಬರ್ಟ್ ಆಡಮ್ಸ್. ಅವರ ವಾದ ಹೀಗಿತ್ತು. ಕ್ರಿ.ಪೂ. 3500ರ ಸುಮಾರಿಗೆ ಆ ಬಯಲಿನಲ್ಲಿ ಗೋಧಿಯೂ ಬಾರ್ಲಿಯೂ ಹೆಚ್ಚುಕಡಿಮೆ ಸಮಸಮವಾಗಿದ್ದವು. ಸಾವಿರ ವರ್ಷಗಳ ನಂತರ ಗೋಧಿಯ ಪಾಲು ಆರರಲ್ಲಿ ಒಂದಕ್ಕೆ ಇಳಿಯಿತು. ಕ್ರಿ.ಪೂ. 2100ರ ಹೊತ್ತಿಗೆ ಗಿರ್ಸು ಪಟ್ಟಣದ ಲೆಕ್ಕಗಳಲ್ಲಿ ಅದು ಶೇ. 2ರಷ್ಟೂ ಉಳಿಯಲಿಲ್ಲ. ಕ್ರಿ.ಪೂ. 1700ರ ವೇಳೆಗೆ ದಕ್ಷಿಣದ ಬಯಲಿನಲ್ಲಿ ಗೋಧಿ ಬೆಳೆಯುವುದೇ ನಿಂತಿತು. ಇಳುವರಿಯೂ ಇದೇ ದಾರಿ ಹಿಡಿಯಿತು. ಅವರ ಲೆಕ್ಕದಂತೆ ಗಿರ್ಸುವಿನಲ್ಲಿ ಕ್ರಿ.ಪೂ. 2400ರ ಸುಮಾರಿಗೆ ಹೆಕ್ಟೇರಿಗೆ 2,537 ಲೀಟರ್ ಧಾನ್ಯ ಸಿಗುತ್ತಿತ್ತು. 2100ರಲ್ಲಿ 1,460 ಲೀಟರ್. 1700ರಲ್ಲಿ ಸಮೀಪದ ಲಾರ್ಸಾದಲ್ಲಿ ಸುಮಾರು 897 ಲೀಟರ್.

ಉಪ್ಪು ಬಂದದ್ದು ಸಮುದ್ರದಿಂದಲ್ಲ, ಕಾಲುವೆಯಿಂದ. ನದಿನೀರು ನಾಲಿಗೆಗೆ ಸಿಹಿಯೇ, ಆದರೆ ಅದರಲ್ಲಿ ಅಲ್ಪಸ್ವಲ್ಪ ಲವಣ ಕರಗಿರುತ್ತದೆ. ಹೊಲಕ್ಕೆ ಹಾಯಿಸಿದ ನೀರನ್ನು ಬಿಸಿಲೂ ಗಿಡವೂ ಕುಡಿಯುತ್ತವೆ, ಲವಣ ಮಣ್ಣಿನಲ್ಲೇ ಉಳಿಯುತ್ತದೆ. ತಟ್ಟೆಯಂತೆ ಚಪ್ಪಟೆಯಾದ ಆ ಬಯಲಿನಲ್ಲಿ ಹೆಚ್ಚಿನ ನೀರು ಹರಿದು ಹೋಗಲು ಇಳಿಜಾರಿಲ್ಲ, ತೊಳೆದು ಹಾಕುವಷ್ಟು ಮಳೆಯೂ ಇಲ್ಲ. ಇಂಗಿದ ನೀರು ಅಂತರ್ಜಲವನ್ನು ಮೇಲೆತ್ತುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಮಣ್ಣು ಆ ಉಪ್ಪುನೀರನ್ನು ಮೇಲಕ್ಕೆಳೆಯುತ್ತದೆ, ನೆಲದ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಅಕ್ಕಾಡಿಯನ್ ಭಾಷೆಯ ‘ಅತ್ರಹಸೀಸ್’ ಕಾವ್ಯದಲ್ಲಿ ದೇವತೆಗಳು ಮನುಷ್ಯರಿಗೆ ಕೊಡುವ ಶಿಕ್ಷೆಗಳಲ್ಲಿ ಹೊಲಗಳು ಬೆಳ್ಳಗಾಗುವುದೂ ಒಂದು.

ಇಂಥ ನೆಲದಲ್ಲಿ ಗಿಡಕ್ಕೆ ಎರಡು ಸಂಕಟ. ಮೊದಲನೆಯದು ಬಾಯಾರಿಕೆ: ಸುತ್ತಲಿನ ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಬೇರು ಅದನ್ನು ಹೀರಲು ಹೆಣಗಬೇಕು. ಎರಡನೆಯದು ವಿಷ: ಒಳಹೊಕ್ಕ ಸೋಡಿಯಂ ಎಲೆಗಳಲ್ಲಿ ಸೇರಿ ಜೀವಕೋಶದ ಕೆಲಸ ಕೆಡಿಸುತ್ತದೆ. ಬಾರ್ಲಿ ಎರಡನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಎಲೆಗೆ ಬಂದ ಸೋಡಿಯಮ್ಮನ್ನು ಅದು ಕೋಶದೊಳಗಿನ ರಸದ ಚೀಲಗಳಲ್ಲಿ ಕೂಡಿಹಾಕುತ್ತದೆ. ವಿಷ ದೂರವಾಗುತ್ತದೆ, ಅದೇ ಉಪ್ಪು ನೀರೆಳೆಯಲು ನೆರವಾಗುತ್ತದೆ. ಇಂದು ನಾವು ತಿನ್ನುವ ರೊಟ್ಟಿಗೋಧಿ ಬೇರೆ ಉಪಾಯ ಮಾಡುತ್ತದೆ: ಸೋಡಿಯಂ ಎಲೆಯನ್ನು ಮುಟ್ಟದಂತೆ ಕೆಳಗೇ ತಡೆಯುತ್ತದೆ. ಅದಕ್ಕೆ ಬೇಕಾದ ಮುಖ್ಯ ಜೀನ್ ಇರುವುದು ರೊಟ್ಟಿಗೋಧಿಗಷ್ಟೇ ಇರುವ ವರ್ಣತಂತುಗಳ ಗುಂಪೊಂದರಲ್ಲಿ. ಸುಮೇರಿಯನ್ನರು ಹೆಚ್ಚಾಗಿ ಬೆಳೆಯುತ್ತಿದ್ದ ಗೋಧಿ ಎಮ್ಮರ್. ನಮ್ಮ ಉತ್ತರ ಕರ್ನಾಟಕದಲ್ಲಿ ಖಪ್ಲಿ ಎಂದು ಮಾರುವುದು ಇದೇ ಜಾತಿ. ಎಮ್ಮರ್‌ನಲ್ಲಿ ಆ ಗುಂಪಿಲ್ಲ.

ಮಣ್ಣಿನ ತೇವದ ವಿದ್ಯುತ್ ವಾಹಕತೆಯನ್ನು ಅಳೆದು ಉಪ್ಪಿನ ಪ್ರಮಾಣವನ್ನು ತಿಳಿಯುತ್ತಾರೆ. ಮೀಟರಿಗೆ 8 ಡೆಸಿಸೀಮೆನ್ಸ್‌ವರೆಗೆ ಬಾರ್ಲಿಯ ಇಳುವರಿ ತಗ್ಗುವುದಿಲ್ಲ. ಗೋಧಿಗೆ ಆ ಮಿತಿ 6, ಭತ್ತಕ್ಕೆ 3, ಮೆಕ್ಕೆಜೋಳಕ್ಕೆ 2ಕ್ಕಿಂತ ಕಡಿಮೆ. ಆದರೆ ಇದು ಬೆಳೆದ ಗಿಡದ ಮಾತು. ಮೊಳಕೆಯ ಹಂತದಲ್ಲಿ ಬಾರ್ಲಿಯೂ 4-5ಕ್ಕಿಂತ ಹೆಚ್ಚು ಉಪ್ಪನ್ನು ಸಹಿಸಲಾರದು. ಗಟ್ಟಿ ಬೆಳೆಗೂ ಬಿತ್ತನೆಯ ವೇಳೆಗೆ ಮೇಲ್ಮಣ್ಣು ತೊಳೆದಿರಲೇಬೇಕು.

ಅಲ್ಲಿನ ರೈತರಿಗೆ ಇದು ಗೊತ್ತಿತ್ತು. ಒಂದು ವರ್ಷ ಬಿತ್ತಿ, ಮರುವರ್ಷ ಹೊಲವನ್ನು ಬೀಳುಬಿಡುವ ಪದ್ಧತಿ ಇರಾಕಿನಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಇತ್ತು. ಬೀಳುಬಿಟ್ಟ ಹೊಲದಲ್ಲಿ ಶೋಕ್, ಅಗುಲ್ ಎಂಬ ಮುಳ್ಳುಕಳೆಗಳು ಆಳಕ್ಕೆ ಬೇರಿಳಿಸಿ ಕೆಳಗಿನ ತೇವವನ್ನು ಹೀರುತ್ತವೆ. ನೆಲದಡಿ ಒಣಗಿದರೆ ಮುಂದಿನ ವರ್ಷದ ನೀರು ಉಪ್ಪನ್ನು ಕೆಳಕ್ಕೆ ಒಯ್ಯಲು ಜಾಗವಾಗುತ್ತದೆ. ಈ ಪದ್ಧತಿಗೆ ಬೇಕಾದದ್ದು ತಾಳ್ಮೆ. ಹೆಚ್ಚು ಕಾಳು, ಹೆಚ್ಚು ಕಂದಾಯ ಬೇಕೆನ್ನುವ ಆಡಳಿತಕ್ಕೆ ಅದು ಕಷ್ಟ. ಲಗಾಶದ ದೊರೆ ಎಂತೆಮೆನ ಕ್ರಿ.ಪೂ. 2400ರ ಸುಮಾರಿಗೆ ನೆರೆಯ ಉಮ್ಮಾ ರಾಜ್ಯದೊಡನೆ ನೀರಿನ ಜಗಳ ತೀರದೆ ಟೈಗ್ರಿಸ್‌ನಿಂದ ಹೊಸ ಕಾಲುವೆ ತಂದ. ಆ ಧಾರಾಳವಾದ ನೀರೇ ಸೋರಿ, ಇಂಗಿ, ಅಂತರ್ಜಲವನ್ನು ಏರಿಸಿತು ಎಂಬುದು ಜಾಕೋಬ್ಸನ್ ಮತ್ತು ಆಡಮ್ಸ್ ಅವರ ಊಹೆ.

ಈ ಕಥೆಯನ್ನು ಎಲ್ಲರೂ ಒಪ್ಪಲಿಲ್ಲ. 1985ರಲ್ಲಿ ಮಾರ್ವಿನ್ ಪೊವೆಲ್ ಅದೇ ಹಲಗೆಗಳನ್ನು ಮತ್ತೆ ಓದಿ, ಪದಗಳ ಅರ್ಥವನ್ನೂ ಇಳುವರಿಯ ಲೆಕ್ಕವನ್ನೂ ಪ್ರಶ್ನಿಸಿದರು. ಉಪ್ಪನ್ನು ನಿಭಾಯಿಸಲು ಆ ಜನರಿಗೆ ಬರುತ್ತಿತ್ತು ಎಂದರು. 1988ರಲ್ಲಿ ಮಿಖಾಲ್ ಆರ್ಟ್ಸಿ ಮತ್ತು ಡೇನಿಯಲ್ ಹಿಲ್ಲೆಲ್ ಹಳೆಯ ವಾದದ ಪರ ನಿಂತರು. ಗೋಧಿ ಹಿಂದೆ ಸರಿದಿದ್ದಕ್ಕೆ ಉಪ್ಪೊಂದೇ ಕಾರಣ ಆಗಿರಬೇಕಿಲ್ಲ. ರುಚಿ, ಕಂದಾಯ, ಮಾರುಕಟ್ಟೆಗಳೂ ಬೆಳೆಯನ್ನು ಬದಲಿಸುತ್ತವೆ. ಸುಮೇರನ್ನು ಉಪ್ಪೇ ಮುಳುಗಿಸಿತು ಎನ್ನುವಷ್ಟು ಧೈರ್ಯವನ್ನು ಈ ಸಾಕ್ಷ್ಯಗಳು ಕೊಡುವುದಿಲ್ಲ. ಆದರೆ ಒಂದು ಮಾತನ್ನು ಎರಡೂ ಪಕ್ಷ ಒಪ್ಪಬಹುದು: ಪ್ರಶ್ನೆ ಬೆಳೆಯ ಗಟ್ಟಿತನದ್ದಲ್ಲ, ಉಪ್ಪು ಹೊರಹೋಗುವ ದಾರಿಯದು.

ಇದಕ್ಕೆ ನಮ್ಮಲ್ಲೇ ಹೋಲಿಕೆ ಉಂಟು. ಉತ್ತರ ಕನ್ನಡದ ಅಘನಾಶಿನಿ ನದಿ ಕಡಲು ಸೇರುವಲ್ಲಿನ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಭತ್ತ ಉಪ್ಪಿಗೆ ಹೆದರುವ ಬೆಳೆ. ಕಗ್ಗ ಮಾತ್ರ ಉಪ್ಪನ್ನೂ ನೆರೆಯನ್ನೂ ತಾಳುತ್ತದೆ. ಆದರೂ ಅದನ್ನು ಬಿತ್ತುವುದು ಮುಂಗಾರಿನ ಮಳೆ ನೆಲವನ್ನು ತೊಳೆದ ಮೇಲೆಯೇ. ಕೊಯ್ಲಾದ ಮೇಲೆ ಮತ್ತೆ ಉಪ್ಪುನೀರು ಒಳಬರುತ್ತದೆ, ಮರುವರ್ಷ ಮಳೆ ಮತ್ತೆ ತೊಳೆಯುತ್ತದೆ. ಅಲ್ಲಿ ಉಪ್ಪು ಅತಿಥಿ. ಬಂದಂತೆಯೇ ಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯ ಕಪ್ಪುಮಣ್ಣಿನಲ್ಲಿ ಹಾಗಲ್ಲ. ಹೆಚ್ಚಿನ ಭಾಗಕ್ಕೆ ಮಿತನೀರಿನ ಬೆಳೆಗಳೆಂದು ಯೋಜಿಸಿದ್ದ ಕಾಲುವೆಯಡಿ ಭತ್ತ ಹಬ್ಬಿತು; ಬಸಿಗಾಲುವೆ ಸಾಲದ ಕಡೆ ನೆಲ ಜವುಳಾಗಿ ಸವಳಾಯಿತು.

ಉಪ್ಪು ತಾಳುವ ತಳಿಗಳನ್ನು ರೂಪಿಸುವ ಕೆಲಸ ಇಂದು ಅನೇಕ ಕಡೆ ನಡೆದಿದೆ, ಅದು ಬೇಕಾದ ಕೆಲಸವೇ. ಆದರೆ ಗಟ್ಟಿ ತಳಿ ಸಿಕ್ಕ ಕೂಡಲೇ ಬಸಿಗಾಲುವೆಯ ಮಾತನ್ನು ಮುಂದೂಡುವುದು ಸುಲಭ. ಬಾರ್ಲಿ ಸುಮೇರಿಗೆ ಕೊಟ್ಟದ್ದು ಪರಿಹಾರವನ್ನಲ್ಲ, ಗಡುವನ್ನು. ಗೋಧಿ ಸೋತ ಹೊಲದಲ್ಲೂ ಅದು ತೆನೆ ಕೊಟ್ಟಿದ್ದರಿಂದ ಕಣಜ ತುಂಬುತ್ತಲೇ ಇತ್ತು, ಲೆಕ್ಕ ಬರೆಯುವವರು ಬರೆಯುತ್ತಲೇ ಇದ್ದರು. ಹೊಲ ಹದಗೆಡುತ್ತಿದ್ದರೂ ಹಲಗೆಯ ಮೇಲೆ ಕಾಣುತ್ತಿದ್ದುದು ಬಾರ್ಲಿಯ ಅಳತೆ ಮಾತ್ರ.